ಲೇಬರ್ ವಾರ್ಡಿನಿಂದ ಮತಯಂತ್ರದ 11ನೇ ಸಾಲಿಗೆ

2023ರ ಜೂನ್ 9, ಶುಕ್ರವಾರ. ವಿಧಾನಸಭೆ ಚುನಾವಣೆಗೆ ನಿಂತ ಖರ್ಚಿನ ಲೆಕ್ಕ ಒಪ್ಪಿಸಿ, ಸ್ವೀಕೃತಿಗೆ ಮೊಹರು ಹಾಕಿಸಿಕೊಂಡು ಜಿಲ್ಲಾ ಕಚೇರಿಯ ಮೆಟ್ಟಿಲು ಇಳಿದೆ. ಒಂಬತ್ತು ತಿಂಗಳ ಕೆಲಸ. ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ಕಳೆದವಳು ಈ ಲೆಕ್ಕವನ್ನು ಇನ್ನು ಹೇಗೆ ಹಾಕಲಿ ಹೇಳಿ.

ಠೇವಣಿ ಹೋಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದವರ ಕಥೆ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಫಲಿತಾಂಶ ಬಂದ ವಾರದಲ್ಲೇ ಬೇರೆ ಬೇರೆ ತಾಲ್ಲೂಕಿನ ಮೂವರು ಸಿಸ್ಟರ್‌ಗಳು ಫೋನ್ ಮಾಡಿ, "ಅಕ್ಕಾ, ನಾವೂ ನಿಲ್ಲಬೇಕು ಅಂತಿದೀವಿ, ಏನೇನು ಮಾಡಬೇಕು?" ಎಂದು ಕೇಳಿದರು. ಮೂವರಿಗೂ ಅದನ್ನೇ ಹೇಳಿ ಗಂಟಲು ಒಣಗಿತು. ಹಾಗಾಗಿ ಬರೆದಿಡುತ್ತಿದ್ದೇನೆ.

ನಾನು ಸರ್ಕಾರಿ ಸೇವೆಗೆ ಸೇರಿದ್ದು 2004ರ ಜುಲೈನಲ್ಲಿ. ಹೆಚ್ಚಿನ ಕಾಲ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡು. ಈಗ ಕಾಗದದಲ್ಲಿ ನಮ್ಮ ಹುದ್ದೆಗೆ ಶುಶ್ರೂಷಣಾಧಿಕಾರಿ ಎಂದು ದೊಡ್ಡ ಹೆಸರು ಬಂದಿದೆ. ಊರಿನವರಿಗೆ ನಾನು ಅಂದಿಗೂ ಇಂದಿಗೂ ಸಿಸ್ಟರಮ್ಮ.

ರಾಜಕೀಯದ ಹುಳ ಹೊಕ್ಕಿದ್ದು ಆರೋಗ್ಯ ರಕ್ಷಾ ಸಮಿತಿಯ ಒಂದು ಸಭೆಯಲ್ಲಿ. ಆಸ್ಪತ್ರೆಯ ಬಳಕೆದಾರರ ಶುಲ್ಕ, ಸಣ್ಣಪುಟ್ಟ ರಿಪೇರಿ, ಹೊರಗುತ್ತಿಗೆ ನೌಕರರು, ಇಂಥವನ್ನೆಲ್ಲ ತೀರ್ಮಾನಿಸುವ ಸಮಿತಿ ಅದು; ನಮ್ಮಲ್ಲಿ ಅಧ್ಯಕ್ಷತೆ ಶಾಸಕರದು. ವಾರ್ಡಿನ ಬೇಡಿಕೆ ಹೇಳಲು ನನ್ನನ್ನು ಕರೆಸಿದ್ದರು. ಆರನೇ ವಿಷಯ, ಮುಂಬಾಗಿಲ ಕಮಾನಿಗೆ ಬಣ್ಣ ಮತ್ತು ಹೆಸರಿನ ಫಲಕ. ಏಳನೇ ವಿಷಯ, ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್. ಫಲಕದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಮುಕ್ಕಾಲು ಗಂಟೆ ಮಾತಾಯಿತು. ಏಳನೇದಕ್ಕೆ ಬರುವ ಹೊತ್ತಿಗೆ ಶಾಸಕರಿಗೆ ಯಾವುದೋ ಮದುವೆಗೆ ತಡವಾಗಿತ್ತು. "ಮುಂದಿನ ಸಭೆಗೆ ಇಡಿ" ಅಂದರು. ಮುಂದಿನ ಸಭೆಗೂ ಇಟ್ಟರು, ಅದರ ಮುಂದಿನದಕ್ಕೂ ಇಟ್ಟರು. ಅಷ್ಟರಲ್ಲಿ ಕೋವಿಡ್ ಬಂತು, ಹೋಯಿತು. 2022ರ ಮಳೆಗಾಲದ ಸಭೆಯಲ್ಲೂ ನಮ್ಮದು ಏಳನೇ ವಿಷಯವಾಗಿಯೇ ಉಳಿದಿತ್ತು.

ಅವತ್ತು ರಾತ್ರಿ ಡ್ಯೂಟಿಯಲ್ಲಿ ಒಟ್ಟಿಗೆ ಎರಡು ಹೆರಿಗೆ. ಒಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ನಾನು ಅವಳ ಹೊಟ್ಟೆ ಒತ್ತಿ ಹಿಡಿದುಕೊಂಡೇ ಇನ್ನೊಂದು ಟೇಬಲ್ಲಿನವಳಿಗೆ "ಈಗ ಮುಕ್ಕು, ಈಗ ಮುಕ್ಕು" ಎಂದು ಕೂಗುತ್ತಿದ್ದೆ. ಆಯಾ ಒಬ್ಬಳು 108ಕ್ಕೆ ಫೋನ್ ಹಚ್ಚಿದ್ದಳು. ಇಬ್ಬರೂ ಉಳಿದರು, ಮಕ್ಕಳೂ ಉಳಿದವು. ಬೆಳಿಗ್ಗೆ ಕೈ ತೊಳೆಯುವಾಗ ಏಳನೇ ವಿಷಯ ನೆನಪಾಯಿತು. ಆ ಮೇಜಿನ ಆ ಕಡೆಯ ಕುರ್ಚಿಯಲ್ಲಿ ನಾನೇ ಯಾಕೆ ಕೂರಬಾರದು ಅನ್ನಿಸಿತು.

ಲ್ಯಾಬಿನ ಹುಡುಗ ನನ್ನನ್ನು ಇನ್ನಷ್ಟು ಹತ್ತಿಸಿದ. ಮುಂಬೈಯ ಮೇಯರ್ ಆಗಿದ್ದ ಕಿಶೋರಿ ಪೆಡ್ನೇಕರ್ ಮೊದಲು ನರ್ಸ್ ಆಗಿದ್ದವರು. 2020ರ ಏಪ್ರಿಲ್‌ನಲ್ಲಿ ಅವರು ಬಿಳಿ ಸಮವಸ್ತ್ರ ತೊಟ್ಟು ನಾಯರ್ ಆಸ್ಪತ್ರೆಗೆ ಹೋದ ಚಿತ್ರ ನಮ್ಮ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿತ್ತು. "ನೀವೂ ಹಂಗೇ ಆಗ್ಬೋದು ಸಿಸ್ಟರ್" ಅಂದ. ಆಕೆ ಪಕ್ಷದಲ್ಲಿ ವರ್ಷಗಟ್ಟಲೆ ದುಡಿದು, ಕಾರ್ಪೊರೇಟರ್ ಆಗಿ, ಆಮೇಲೆ ಆ ಕುರ್ಚಿಗೆ ಬಂದವರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಸಮವಸ್ತ್ರ ಮಾತ್ರ.

ಸರಿ, ಮೊದಲ ಮೆಟ್ಟಿಲು ನೌಕರಿ ಬಿಡುವುದು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಚುನಾವಣೆಗೆ ನಿಲ್ಲುವಂತಿಲ್ಲ, ಪಕ್ಷದ ಟಿಕೆಟ್ಟಿಗೆ ಅರ್ಜಿ ಹಾಕುವುದೂ ನಡತೆ ನಿಯಮಕ್ಕೆ ವಿರುದ್ಧ. ನಾನು ಸಿಟ್ಟಿನಲ್ಲಿ ರಾಜೀನಾಮೆ ಬರೆದೇಬಿಟ್ಟಿದ್ದೆ. ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಕಾಗದ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ತಾಯಿ, ರಾಜೀನಾಮೆ ಕೊಟ್ರೆ ಹಿಂದಿನ ಸೇವೆಯೆಲ್ಲ ಸೊನ್ನೆ. ಪಿಂಚಣಿ ಇಲ್ಲ. ಸ್ವಯಂ ನಿವೃತ್ತಿ ತಗೊಳ್ಳಿ" ಅಂದರು. ಅವರ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ನಾನು 2006ರ ಏಪ್ರಿಲ್‌ಗೆ ಮೊದಲು ಸೇರಿದವಳು, ಹಳೇ ಪಿಂಚಣಿಯವಳು. ಆ ಒಂದು ಕಾಗದದಲ್ಲಿ ಅಷ್ಟನ್ನೂ ಕಳೆದುಕೊಳ್ಳುತ್ತಿದ್ದೆ.

ಸ್ವಯಂ ನಿವೃತ್ತಿಗೆ 15 ವರ್ಷ ಅರ್ಹತಾ ಸೇವೆ ಆಗಿರಬೇಕು, ಮೂರು ತಿಂಗಳ ನೋಟಿಸ್ ಕೊಡಬೇಕು. ಸೆಪ್ಟೆಂಬರ್ ಕೊನೆಗೆ ಕೊಟ್ಟೆ. ಮೂರು ತಿಂಗಳು ಅನ್ನುವುದು ಪುಸ್ತಕದ ಮಾತು. ಸೇವಾ ಪುಸ್ತಕದಲ್ಲಿ 2011ರ ನಾಲ್ಕು ತಿಂಗಳ ರಜೆ ನಮೂದಾಗಿರಲಿಲ್ಲ. ಆಗ ನಾನು ಬೇರೆ ಆಸ್ಪತ್ರೆಯಲ್ಲಿದ್ದೆ. ಅಲ್ಲಿಂದ ದೃಢೀಕರಣ ತರಬೇಕು. ಇಲಾಖಾ ವಿಚಾರಣೆ ಬಾಕಿ ಇಲ್ಲ ಎಂಬ ಪತ್ರ, ಸಾಲ ಮುಂಗಡ ಬಾಕಿ ಇಲ್ಲ ಎಂಬ ಪತ್ರ, ವಾರ್ಡಿನ ದಾಸ್ತಾನು ಒಪ್ಪಿಸಿದ ಪಟ್ಟಿ. ಈ ದಾಸ್ತಾನು ಪಟ್ಟಿಯಲ್ಲಿ ಎರಡು ಆರ್ಟರಿ ಫೋರ್ಸೆಪ್ಸ್ ಕಡಿಮೆ ಬಂದು ಒಂದು ವಾರ ಹೋಯಿತು. ಕೊನೆಗೆ ಸಿಕ್ಕಿದ್ದು ಆಟೋಕ್ಲೇವ್ ಡ್ರಮ್ಮಿನ ತಳದಲ್ಲಿ. ಜಿಲ್ಲಾ ಕೇಂದ್ರಕ್ಕೆ ಆರು ಸಲ, ಬೆಂಗಳೂರಿಗೆ ಎರಡು ಸಲ ಓಡಾಡಿದೆ. ಬಿಡುಗಡೆ ಆದೇಶ ಕೈಗೆ ಬಂದಾಗ ಫೆಬ್ರವರಿ ಅರ್ಧ ಕಳೆದಿತ್ತು.

ನೀವು ಮುಂದಿನ ಸಲಕ್ಕೆ ಯೋಚಿಸುತ್ತಿದ್ದರೆ, ಚುನಾವಣೆಗೆ ಒಂದು ವರ್ಷ ಇರುವಾಗಲೇ ಸೇವಾ ಪುಸ್ತಕ ತೆರೆಸಿ ನೋಡಿ. ಅರ್ಜಿ ಕೊಟ್ಟರೆ ಸಾಲದು. ಅದು ಅಂಗೀಕಾರವಾಗಿ ಬಿಡುಗಡೆ ಆಗಿರಬೇಕು. ಗುತ್ತಿಗೆಯ ಮೇಲೆ ಇರುವ ಸಿಸ್ಟರ್‌ಗಳು "ನಾವೇನು ಕಾಯಂ ಅಲ್ಲವಲ್ಲ" ಎಂದು ಧೈರ್ಯ ಮಾಡಬೇಡಿ. ಸಂವಿಧಾನದ 191ನೇ ವಿಧಿಯಲ್ಲಿ ಲಾಭದಾಯಕ ಹುದ್ದೆ ಎಂಬ ಮಾತಿದೆ. ಸಂಬಳ ಸರ್ಕಾರದ ದುಡ್ಡಿನಿಂದ ಬರುತ್ತಿದ್ದರೆ ವಕೀಲರೊಬ್ಬರನ್ನು ಕೇಳದೆ ಮುಂದಕ್ಕೆ ಹೆಜ್ಜೆ ಇಡಬೇಡಿ.

ಟಿಕೆಟ್ಟಿನ ಅಧ್ಯಾಯ ಚಿಕ್ಕದು. ಒಂದು ಪಕ್ಷದ ಕಚೇರಿಗೆ ಹೋದೆ. ನಾಲ್ಕು ನಿಮಿಷ ಮಾತನಾಡಿಸಿದರು. ನಾನು ವಾರ್ಡಿನ ಕಥೆ ಹೇಳಲು ಶುರುಮಾಡಿದೆ. "ಅದೆಲ್ಲ ಇರಲಿ ಅಮ್ಮ, ಎಷ್ಟು ಹಾಕ್ತೀರಿ?" ಎಂದು ಕೇಳಿದರು. ನನ್ನ ಭವಿಷ್ಯ ನಿಧಿ ಜಿಪಿಎಫ್‌ನಲ್ಲಿ ಬಂದ ದುಡ್ಡು ಹೇಳಿದೆ. ಅವರಿಗೆ ನಗು ಬಂತು, ಪಾಪ, ತಡೆದುಕೊಂಡರು. ಮಾರ್ಚ್ 29ಕ್ಕೆ ಚುನಾವಣೆ ಘೋಷಣೆಯಾಯಿತು. ಪಟ್ಟಿಗಳ ಮೇಲೆ ಪಟ್ಟಿ ಬಂದವು, ನನ್ನ ಹೆಸರು ಬರಲಿಲ್ಲ. ಪಕ್ಷೇತರಳಾಗಿ ನಿಲ್ಲುವುದೆಂದು ತೀರ್ಮಾನಿಸಿದ್ದು ಏಪ್ರಿಲ್ ಮೊದಲ ವಾರ.

ನಾಮಪತ್ರಕ್ಕೆ ಇದ್ದ ಅವಧಿ ಏಪ್ರಿಲ್ 13ರಿಂದ 20. ಎಂಟು ದಿನ ಎಂದು ಲೆಕ್ಕ ಹಾಕಬೇಡಿ. 14 ಅಂಬೇಡ್ಕರ್ ಜಯಂತಿ, 16 ಭಾನುವಾರ, ಆ ಎರಡು ದಿನ ಬಾಗಿಲೇ ತೆರೆಯಲಿಲ್ಲ. ತೆರೆದ ದಿನವೂ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ತನಕ ಮಾತ್ರ.

ನನ್ನನ್ನು ಅತಿ ಹೆಚ್ಚು ಗೋಳಾಡಿಸಿದ ಕಾಗದ ಯಾವುದು ಗೊತ್ತೇ? ಕರೆಂಟ್ ಬಿಲ್ಲು. ಹಿಂದಿನ ಹತ್ತು ವರ್ಷಗಳಲ್ಲಿ ಸರ್ಕಾರಿ ವಸತಿಯಲ್ಲಿ ಇದ್ದವರು ಬಾಡಿಗೆ, ವಿದ್ಯುತ್, ನೀರು, ಟೆಲಿಫೋನ್ ಯಾವುದರದೂ ಬಾಕಿ ಇಲ್ಲ ಎಂಬ ಬೇಬಾಕಿ ಪತ್ರ ಕೊಡಬೇಕು. ನಾನು ಒಂಬತ್ತು ವರ್ಷ ಆಸ್ಪತ್ರೆ ಕ್ವಾರ್ಟರ್ಸಿನಲ್ಲಿದ್ದವಳು. ಮೀಟರ್ ನೋಡಿದರೆ ನನಗಿಂತ ಮುಂಚೆ ಅಲ್ಲಿದ್ದ, ನಿವೃತ್ತರಾಗಿ ತೀರಿಕೊಂಡ ಫಾರ್ಮಸಿಸ್ಟ್ ಒಬ್ಬರ ಹೆಸರಿನಲ್ಲಿದೆ! ತಿಂಗಳು ತಿಂಗಳು ಕಟ್ಟಿದ್ದು ನಾನು, ರಸೀದಿ ಅವರ ಹೆಸರಿಗೆ. "ನಿಮ್ಮ ಹೆಸರಲ್ಲಿ ಸಂಪರ್ಕವೇ ಇಲ್ಲ, ಬಾಕಿ ಇಲ್ಲ ಅಂತ ಹೆಂಗೆ ಬರೆದುಕೊಡಲಿ?" ಎಂಬುದು ಕೌಂಟರಿನವರ ಪ್ರಶ್ನೆ. ಅದೂ ನ್ಯಾಯವೇ. ಆಸ್ಪತ್ರೆಯಿಂದ ವಸತಿ ಹಂಚಿಕೆಯ ಆದೇಶ ಹುಡುಕಿಸಿ, ಮೀಟರ್ ನಂಬರ್ ಹಾಕಿ ಮುಖ್ಯಸ್ಥರಿಂದ ಪತ್ರ ಬರೆಸಿ, ಮೂರನೇ ದಿನ ಸಂಜೆ ಪತ್ರ ಸಿಕ್ಕಿತು. ಕ್ವಾರ್ಟರ್ಸ್ ಬಿಟ್ಟ ದಿನವೇ ಇವೆಲ್ಲ ಮಾಡಿಸಿಕೊಂಡಿದ್ದರೆ ಅರ್ಧ ಗಂಟೆಯ ಕೆಲಸ.

ಆಮೇಲೆ ನಮೂನೆ 26, ಅಂದರೆ ಅಫಿಡವಿಟ್. ನನ್ನದು, ನಮ್ಮನೆಯವರದು, ಅವಲಂಬಿತ ಮಕ್ಕಳದು. ಐದು ವರ್ಷದ ಆದಾಯ, ಬ್ಯಾಂಕಿನಲ್ಲಿರುವುದು, ಒಡವೆಯ ತೂಕ, ಜಮೀನಿನ ಸರ್ವೆ ನಂಬರು, ಸಾಲ, ಕೇಸು, ಫೇಸ್‌ಬುಕ್ ಖಾತೆ ಕೂಡ. ಒಂದು ಕಲಮನ್ನೂ ಖಾಲಿ ಬಿಡಬಾರದು; ಅಡ್ಡಗೆರೆ ಎಳೆಯುವುದೂ ಬೇಡ. "ಇಲ್ಲ" ಅಥವಾ "ಅನ್ವಯಿಸುವುದಿಲ್ಲ" ಎಂದು ಅಕ್ಷರದಲ್ಲಿ ಬರೆಯಿರಿ. ಖಾಲಿ ಬಿಟ್ಟು, ತಿಳಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರವಾಗುತ್ತದೆ. ನೋಟರಿಯ ಮುಂದೆ ಕೂತು ಒಡವೆ ತೂಕ ಬರೆಸುವಾಗ ಯಾಕೋ ಸಂಕಟವಾಯಿತು. 46 ಗ್ರಾಂ. ಹದಿನೆಂಟು ವರ್ಷ ದುಡಿದದ್ದು ಇಷ್ಟೇನಾ ಅನ್ನಿಸಿತು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಆ ಅಫಿಡವಿಟ್ ಕಚೇರಿಯ ನೋಟಿಸ್ ಬೋರ್ಡಿಗೂ ಹೋಗುತ್ತದೆ, ಚುನಾವಣಾ ಆಯೋಗದ ಜಾಲತಾಣಕ್ಕೂ ಹೋಗುತ್ತದೆ. ನಮ್ಮನೆಯವರು ಅವರ ತಮ್ಮನಿಗೆ ಗೊತ್ತಾಗದಂತೆ ಸಹಕಾರ ಸಂಘದಲ್ಲಿ ಎರಡೂವರೆ ಲಕ್ಷ ಸಾಲ ಮಾಡಿದ್ದರು. ಮರುದಿನ ಬೆಳಿಗ್ಗೆ ಆರೂವರೆಗೆ ಮೈದುನ ಅದರ ಪ್ರಿಂಟ್ ಹಿಡಿದುಕೊಂಡು ಬಂದು ಜಗುಲಿಯ ಮೇಲೆ ಕೂತಿದ್ದ. ಮನೆಯಲ್ಲಿ ಗುಟ್ಟಿನ ಸಾಲ ಇದ್ದರೆ ನಾಮಪತ್ರಕ್ಕೆ ಮೊದಲು ನೀವೇ ಬಾಯಿಬಿಡಿ.

ಚುನಾವಣೆ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ಬೇಕು, ಅದೂ ನಾಮಪತ್ರ ಕೊಡುವ ದಿನಕ್ಕಿಂತ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು. ಗಂಡನ ಜೊತೆ ಜಂಟಿ ಖಾತೆ ನಡೆಯುವುದಿಲ್ಲ, ಅವರೇ ನಿಮ್ಮ ಚುನಾವಣಾ ಏಜೆಂಟ್ ಆಗಿದ್ದರೆ ಮಾತ್ರ ಸರಿ. ಠೇವಣಿ ಸಾಮಾನ್ಯ ವರ್ಗಕ್ಕೆ 10,000 ರೂಪಾಯಿ, ಪರಿಶಿಷ್ಟರಿಗೆ 5,000.

ಫೋಟೊದ್ದು ತಮಾಷೆ. ನನ್ನ ಬಂಡವಾಳವೇ ಬಿಳಿ ಸೀರೆ ಎಂದುಕೊಂಡು, ಇಸ್ತ್ರಿ ಮಾಡಿದ ಸಮವಸ್ತ್ರ ಉಟ್ಟು, ಬ್ಯಾಡ್ಜ್ ಹಾಕಿ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡಿದ್ದೆ. 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರ, ಹಿಂದೆ ಬಿಳಿ ಬಣ್ಣ, ಮೂರು ತಿಂಗಳ ಒಳಗಿನದು, ಎಲ್ಲ ಅವರು ಹೇಳಿದ ಹಾಗೇ ಇತ್ತು. ಸಹಾಯಕ ಚುನಾವಣಾಧಿಕಾರಿ ನೋಡಿ ವಾಪಸ್ ಕೊಟ್ಟರು. ಮತಯಂತ್ರದ ಮೇಲೆ ಬರುವ ಫೋಟೊ ಸಮವಸ್ತ್ರದಲ್ಲಿ ಇರುವಂತಿಲ್ಲ, ಸಾದಾ ಉಡುಪು ಇರಬೇಕು. ಮಗಳು ಓಡಿಹೋಗಿ ಅವಳ ಗೆಳತಿಯ ಮದುವೆಯಲ್ಲಿ ತೆಗೆದಿದ್ದ ನನ್ನ ಚಿತ್ರವನ್ನು ಕತ್ತರಿಸಿ ತಂದಳು. ಮತಯಂತ್ರದ ಮೇಲೆ ನಾನು ಮೈಸೂರು ಸಿಲ್ಕಿನಲ್ಲಿ ನಗುತ್ತಿದ್ದೇನೆ.

ಪಕ್ಷೇತರರಿಗೆ ಹತ್ತು ಜನ ಸೂಚಕರು, ಅಂದರೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರಾದರೆ ಸಾಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು, ಅವರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಸರಿಯಾಗಿರಬೇಕು. ನಾನು ಹೆರಿಗೆ ಮಾಡಿಸಿದ ಹತ್ತು ತಾಯಂದಿರನ್ನೇ ಸೂಚಕರನ್ನಾಗಿ ಮಾಡಬೇಕೆಂದು ಆಸೆಪಟ್ಟೆ. ಇಲ್ಲೇ ಎಡವಿದ್ದು. ಒಬ್ಬಳು ತವರಿನಿಂದ ಹೆಸರು ವರ್ಗಾಯಿಸಿಕೊಂಡೇ ಇರಲಿಲ್ಲ, ಅವಳ ಮತ ಪಕ್ಕದ ಕ್ಷೇತ್ರದಲ್ಲಿತ್ತು. ಇನ್ನೊಬ್ಬಾಕೆ ಹೆಬ್ಬೆಟ್ಟಿನವರು. ಮನೆಯಲ್ಲೇ ಹೆಬ್ಬೆಟ್ಟು ಒತ್ತಿಸಿ ತಂದಿದ್ದೆ. ಸಹಿಯಾದರೆ ಎಲ್ಲಿ ಮಾಡಿದರೂ ನಡೆಯುತ್ತದೆ. ಹೆಬ್ಬೆಟ್ಟನ್ನು ಮಾತ್ರ ಚುನಾವಣಾಧಿಕಾರಿಯ ಅಥವಾ ಅದಕ್ಕೆಂದು ನೇಮಿಸಿದ ಅಧಿಕಾರಿಯ ಎದುರಿಗೇ ಒತ್ತಬೇಕಂತೆ.

ಆಕೆಯನ್ನು 22 ಕಿಲೋಮೀಟರ್ ದೂರದಿಂದ ಕರೆಸಬೇಕಾಯಿತು. ಕೂಲಿ ಬಿಟ್ಟು ಬಂದರು. ಸೆರಗಿನ ತುದಿಯಲ್ಲಿ ಬಸ್ಸಿನ ಚಿಲ್ಲರೆ ಗಂಟು ಕಟ್ಟಿದ್ದರು. ಅಧಿಕಾರಿಯ ಮೇಜಿನ ಮುಂದೆ ನಿಂತು ಶಾಯಿ ಪ್ಯಾಡಿಗೆ ಬೆರಳು ಇಡುವ ಮೊದಲು ನನ್ನ ಕಡೆ ತಿರುಗಿ, "ನಮ್ ರೇಣುಕನ್ ಹುಟ್ಟಿಸಿದ್ ರಾತ್ರಿನೂ ಹಿಂಗೇ ಒತ್ತಿಸ್ಕಂಡಿದ್ರಲ್ಲ ಸಿಸ್ಟರಮ್ಮ, ಕಾಗದದ್ ಮೇಲೆ" ಅಂದರು. ಹೌದು, ಆಪರೇಷನ್ನಿನ ಒಪ್ಪಿಗೆ ಪತ್ರ. ಅಧಿಕಾರಿ ತಲೆ ಎತ್ತಿ ಒಂದು ಸಲ ನೋಡಿ, ಮತ್ತೆ ಬರೆಯಲು ತೊಡಗಿದರು.

ನಾಮಪತ್ರ ಕೊಟ್ಟದ್ದು 18ರಂದು. ಒಳಗೆ ಅಭ್ಯರ್ಥಿ ಸೇರಿ ಐದೇ ಜನ. ಕೊಟ್ಟ ಮೇಲೆ ಅಲ್ಲೇ ನಿಂತು ಪ್ರಮಾಣವಚನ ಓದಬೇಕು, ಪರಿಶೀಲನೆಯ ದಿನಕ್ಕೆ ಮೊದಲೇ ಅದು ಆಗಿರಬೇಕು. ಇದನ್ನು ಮರೆತು ಮನೆಗೆ ಹೋದವರಿದ್ದಾರೆ. ನೀವು ಕೇಳಿ ಮಾಡಿಸಿಕೊಂಡೇ ಹೊರಗೆ ಬನ್ನಿ. ನರ್ಸಿಂಗ್ ಶಾಲೆಯಲ್ಲಿ ದೀಪ ಹಿಡಿದು ಪ್ರಮಾಣ ಮಾಡಿದ್ದು ನೆನಪಾಗಿ ಧ್ವನಿ ನಡುಗಿತು. 21ರ ಪರಿಶೀಲನೆಯಲ್ಲಿ "ಕ್ರಮಬದ್ಧ" ಎಂದರು. ಒಂದು ಸೆಟ್ ಮಾತ್ರ ಕೊಟ್ಟಿದ್ದೆ, ನಾಲ್ಕರವರೆಗೆ ಕೊಡಬಹುದು. ಎರಡಾದರೂ ಕೊಡಿ, ಬೇರೆ ಬೇರೆ ಸೂಚಕರ ಸಹಿ ಹಾಕಿಸಿ. ಆ ಮೂರು ರಾತ್ರಿ ನಾನು ನಿದ್ದೆ ಮಾಡಿಲ್ಲ.

24ರ ಮಧ್ಯಾಹ್ನ ವಾಪಸಾತಿ ಮುಗಿದ ಮೇಲೆ ಚಿಹ್ನೆ. ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆದಿರಬೇಕು. ಪಟ್ಟಿಯಲ್ಲಿ ಸ್ಟೆತಸ್ಕೋಪ್ ಇತ್ತು, ಸಿರಿಂಜೂ ಇತ್ತು. ನನ್ನ ಮನಸ್ಸು ಸಿರಿಂಜಿನ ಮೇಲೆ. ಸ್ಟೆತಸ್ಕೋಪ್ ಡಾಕ್ಟರದ್ದು, ಸಿರಿಂಜು ನಮ್ಮದು. ಮಗಳು ಬಿಡಲಿಲ್ಲ: "ಅಮ್ಮಾ, ಸೂಜಿ ನೋಡಿ ಯಾರಾದ್ರೂ ಓಟು ಒತ್ತುತ್ತಾರಾ?" ಸ್ಟೆತಸ್ಕೋಪೇ ಮೊದಲು ಬರೆದೆ, ಅದೇ ಸಿಕ್ಕಿತು. ಪ್ರಚಾರದಲ್ಲಿ ಅರ್ಧ ಜನ "ಡಾಕ್ಟರಮ್ಮ ನಿಂತವ್ರೆ" ಅಂದುಕೊಂಡರು. ತಿದ್ದಿ ತಿದ್ದಿ ಸಾಕಾಯಿತು. ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷದವರು ಮೊದಲು, ಆಮೇಲೆ ನೋಂದಾಯಿತ ಪಕ್ಷಗಳು, ಕೊನೆಗೆ ಪಕ್ಷೇತರರು, ಒಳಗೊಳಗೆ ಅಕ್ಷರಮಾಲೆಯ ಪ್ರಕಾರ. ನನ್ನದು 11ನೇ ಸಾಲು.

ಪ್ರಚಾರಕ್ಕೆ ಸಿಕ್ಕಿದ್ದು ಎರಡು ವಾರ. ಉರಿಬಿಸಿಲು. ಒಂದು ಜೀಪು, ಎರಡು ಆಟೋ, ಮೈಕು. ಜೀಪು ಆಟೋಗಳಿಗೇ 1,12,000 ರೂಪಾಯಿ ಹೋಯಿತು, ಕರಪತ್ರಕ್ಕೆ 38,000. ಕರಪತ್ರದ ಕೆಳಗೆ ಮುದ್ರಕರು, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ನಮ್ಮ ಮೊದಲ ಕಟ್ಟಿನಲ್ಲಿ ಅದು ಬಿಟ್ಟುಹೋಗಿ ಐದು ಸಾವಿರ ಪ್ರತಿ ಹಂಚದೆ ಹಾಗೇ ಉಳಿದವು. ಸಭೆ, ವಾಹನ, ಮೈಕು ಎಲ್ಲಕ್ಕೂ ಅನುಮತಿ ಬೇಕು, ಆಯೋಗದ ಸುವಿಧಾ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಬರುತ್ತದೆ. ಈ ಒಂದು ಕೆಲಸದಲ್ಲಿ ನನಗೆ ತೊಂದರೆ ಆಗಲಿಲ್ಲ.

ಹೋದ ಊರಲ್ಲೆಲ್ಲ ಗುರುತು ಹಿಡಿದರು. "ನಮ್ ಹುಡುಗನ್ನ ಎತ್ಕಂಡಿದ್ದೇ ಇವ್ರು" ಎನ್ನುತ್ತ ಹೈಸ್ಕೂಲಿಗೆ ಹೋಗುವ ಉದ್ದನೆಯ ಹುಡುಗನನ್ನು ಎಳೆತಂದು ನಿಲ್ಲಿಸಿದವರಿದ್ದಾರೆ. ಅರಿಶಿನ ಕುಂಕುಮ ಕೊಟ್ಟರು, ಮಜ್ಜಿಗೆ ಕೊಟ್ಟರು. ಅಷ್ಟು ಪ್ರೀತಿ ನೋಡಿ ನಾನು ಲೆಕ್ಕ ತಪ್ಪಿದೆ. ಹರಿಹರದ ಕಡೆಯ ನಮ್ಮ ಸೋದರತ್ತೆ ಒಂದು ಮಾತು ಹೇಳಿದ್ದರು: "ಹೆರಿಗೆ ಮಾಡ್ಸಿದವ್ಳಿಗೆ ಬಾಗಿನ ಕೊಡ್ತಾರೆ ಕಣೆ, ಓಟು ಜಾತಿ ನೋಡಿ ಕೊಡ್ತಾರೆ." ಆಗ ಅವರ ಮೇಲೆ ಸಿಟ್ಟು ಬಂದಿತ್ತು.

ಒಂದು ಹಟ್ಟಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ತಲೆಸುತ್ತು ಎಂದು ಹೇಳಿ ಕೈ ಚಾಚಿದರು. ಜೀಪಿನಲ್ಲಿ ನನ್ನ ಬಿ.ಪಿ. ಯಂತ್ರ ಇತ್ತು, ಹದಿನೆಂಟು ವರ್ಷದಿಂದ ಅದಿಲ್ಲದೆ ಹೊರಗೆ ಹೊರಟವಳಲ್ಲ. ತೆಗೆಯಲು ಹೋದೆ. ನನ್ನ ಏಜೆಂಟ್ ಹುಡುಗ ಕೈ ಹಿಡಿದುಕೊಂಡ. "ಅಕ್ಕಾ, ಬೇಡ. ವಿಡಿಯೋ ತೆಗೀತಿದಾರೆ." ಹಿಂದಿನ ದಿನವಷ್ಟೇ ಚೆಕ್‌ಪೋಸ್ಟಿನಲ್ಲಿ ನಮ್ಮ ಜೀಪು ನಿಲ್ಲಿಸಿ, ಕಾರ್ಯಕರ್ತರಿಗೆಂದು ಇಟ್ಟಿದ್ದ ಓಆರ್‌ಎಸ್ ಪೊಟ್ಟಣಗಳನ್ನು ಒಂದೊಂದಾಗಿ ಎಣಿಸಿದ್ದರು. 64 ಇತ್ತು. ಹಂಚುವುದಕ್ಕಲ್ಲ ಎಂದು ಬರೆದುಕೊಟ್ಟ ಮೇಲೆ ಬಿಟ್ಟರು. ಅಭ್ಯರ್ಥಿಯ ವಾಹನದಲ್ಲಿ 50,000ಕ್ಕಿಂತ ಹೆಚ್ಚು ನಗದು ಅಥವಾ 10,000ಕ್ಕೆ ಮೀರಿದ ಉಡುಗೊರೆ ಸಾಮಾನು ಸಿಕ್ಕರೆ ಜಪ್ತಿ. ಪುಕ್ಕಟೆ ತಪಾಸಣೆ ಕೂಡ ಆಮಿಷವಾಗಬಹುದು, ಎದುರಾಳಿ ಕಡೆಯ ಒಬ್ಬ ಹುಡುಗ ಆಯೋಗದ ದೂರಿನ ಆ್ಯಪ್ ಆದ ಸಿ-ವಿಜಿಲ್‌ನಲ್ಲಿ ವಿಡಿಯೋ ಹಾಕಿದರೆ ನೋಟಿಸ್ ಬರುತ್ತದೆ.

"ತಾತ, 11ನೇ ತಾರೀಕು ಬಂದು ನೋಡ್ತೀನಿ. ಅಲ್ಲೀಗಂಟ ಉಪ್ಪಿನಕಾಯಿ ಮುಟ್ಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ" ಅಂದೆ. ಅವರು ಚಾಚಿದ ಕೈಯನ್ನು ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು, ಆಮೇಲೆ ಮಡಚಿಕೊಂಡರು. ಈ ಇಡೀ ಪ್ರಯಾಣದಲ್ಲಿ ನನಗೆ ನಾಚಿಕೆಯಾದದ್ದು ಅದೊಂದು ಗಳಿಗೆ. ಬಾಯಲ್ಲಿ ಸಿಸ್ಟರಮ್ಮ ಎಂದು ಓಟು ಕೇಳುತ್ತ, ಸಿಸ್ಟರಮ್ಮನ ಕೆಲಸ ಮಾಡದೆ ಎದ್ದು ಬಂದೆ. ಮೇ 11ಕ್ಕೆ ಹೋದೆ. 170/100 ಇತ್ತು. ಆಸ್ಪತ್ರೆಗೆ ಹೋಗಿರಲಿಲ್ಲ. ಮಗನಿಗೆ ಬೈದು ಅವತ್ತೇ ಕಳಿಸಿದೆ.

ಮತದಾನ ಮೇ 10, ಬುಧವಾರ. 230ರಷ್ಟು ಮತಗಟ್ಟೆಗಳಿಗೆ ನನಗೆ ಸಿಕ್ಕಿದ ಏಜೆಂಟರು 61 ಜನ. ಅವರ ಊಟ, ಓಡಾಟಕ್ಕೆ 31,000. ಒಂದು ಮಾತು ಇಲ್ಲಿ ಕಟುವಾಗಿ ಹೇಳುತ್ತೇನೆ: ಪ್ರತಿ ಮತಗಟ್ಟೆಗೂ ಒಬ್ಬರಂತೆ ಹೆಸರು ಬರೆಯಲು ಆಗದಿದ್ದರೆ ವಿಧಾನಸಭೆಗೆ ನಿಲ್ಲುವ ಮೊದಲು ಗ್ರಾಮ ಪಂಚಾಯ್ತಿಯನ್ನೋ ತಾಲ್ಲೂಕು ಪಂಚಾಯ್ತಿಯನ್ನೋ ನೋಡಿ. ನಾನು ನೋಡಲಿಲ್ಲ.

ಮೇ 12 ದಾದಿಯರ ದಿನ. ಮತದಾನಕ್ಕೂ ಎಣಿಕೆಗೂ ನಡುವೆ ಬಂದಿತ್ತು. ಹಳೇ ವಾರ್ಡಿಗೆ ಕರೆದರು. ಮೇಣದ ಬತ್ತಿ ಹಚ್ಚಿ, ಕೇಕ್ ಕತ್ತರಿಸಿ, ಎಲ್ಲರೂ ನನ್ನ ಮುಖವನ್ನು ನೋಡಿಯೂ ನೋಡದವರ ಹಾಗೆ ಇದ್ದರು. ಯಾರಿಗೆ ಹಾಕಿದಿರಿ ಎಂದು ನಾನೂ ಕೇಳಲಿಲ್ಲ. ಹೊಸದಾಗಿ ಬಂದ ಹುಡುಗಿಯೊಬ್ಬಳು ಕ್ಯಾನುಲಾ ಹಾಕಲು ಒದ್ದಾಡುತ್ತಿದ್ದಳು. ಕೈ ತುರಿಸಿತು, ಹಿಂದೆ ಕಟ್ಟಿಕೊಂಡು ನಿಂತೆ.

13ರ ಬೆಳಿಗ್ಗೆ 8ಕ್ಕೆ ಎಣಿಕೆ. ಮೊದಲು ಅಂಚೆ ಮತ, ಆಮೇಲೆ ಯಂತ್ರಗಳು, 14 ಮೇಜು. ಎಣಿಕೆ ಏಜೆಂಟರ ನಮೂನೆ 18 ಮೊದಲೇ ಕೊಟ್ಟು ಗುರುತಿನ ಚೀಟಿ ತೆಗೆದುಕೊಂಡಿರಬೇಕು. ಒಳಗೆ ಮೊಬೈಲ್ ಇಲ್ಲ. ಪ್ರತಿ ಸುತ್ತಿಗೂ ನನ್ನ ಹೆಸರಿನ ಮುಂದೆ 180, 214, 97, ಹೀಗೆ. ಮೂರನೇ ಸುತ್ತಿಗೆ ನಾನು ಗೆಲ್ಲುವುದರ ಲೆಕ್ಕ ಬಿಟ್ಟು, ಆ ತಾತನ ಹಟ್ಟಿಯ ಮತಗಟ್ಟೆ ಯಾವ ಸುತ್ತಿಗೆ ಬರುತ್ತದೆ ಎಂದು ಕಾಯತೊಡಗಿದೆ. ಅಲ್ಲಿ ನನಗೆ 9 ಬಂದಿತ್ತು.

ಒಟ್ಟು 3,874. ಠೇವಣಿ ಉಳಿಯಲು ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ಮೀರಬೇಕು, ನಮ್ಮಲ್ಲಿ ಅದು 26 ಸಾವಿರದ ಮೇಲೆ. ರಾಜ್ಯದಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಹತ್ತೇ ಜನ. ಅವರಲ್ಲಿ ಪಕ್ಷೇತರರಾಗಿ ಬಂದವರು ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್. ಅವರದು ಮೊದಲೇ ರಾಜಕೀಯದ ಮನೆ. ಇದನ್ನು ಅಸೂಯೆಯಿಂದ ಹೇಳುತ್ತಿಲ್ಲ, ಸ್ವಲ್ಪ ಇದ್ದರೂ ಇರಬಹುದು.

ಸೋತ ಮೇಲೆ ಮುಗಿಯಿತು ಎಂದು ಮಲಗಬೇಡಿ. ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತವರಲ್ಲಿ ಬಹಳ ಜನ ಎಡವುವುದು ಇಲ್ಲೇ. ನಾಮಪತ್ರದ ದಿನ ಒಂದು ದಪ್ಪ ವಹಿ ಕೊಡುತ್ತಾರೆ: ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಪ್ರಚಾರದ ನಡುವೆ ಮೂರು ಸಲ ತಪಾಸಣೆಗೆ ಒಯ್ಯಬೇಕು. ಒಬ್ಬರಿಗೆ 10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ, ಉಳಿದದ್ದು ಚೆಕ್ಕು ಅಥವಾ ಖಾತೆಯಿಂದಲೇ. ಮಿತಿ 40 ಲಕ್ಷ. ನನ್ನದು 5,83,400ಕ್ಕೆ ನಿಂತಿತು. ವಾರ್ಡಿನಲ್ಲಿ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಬರೆದ ಕೈ ನನ್ನದು, ಹಾಳೆಯಲ್ಲಿ ತಪ್ಪು ಬರಲಿಲ್ಲ. ಜಗಳವಾದದ್ದು ಟೀಯ ಮೇಲೆ. ಒಂದು ಸಭೆಗೆ ನಾವು 120 ಲೋಟ ಟೀ ಬರೆದಿದ್ದೆವು; ಚುನಾವಣಾ ಕಚೇರಿಯವರು ವಿಡಿಯೋ ನೋಡಿ ಬೇರೆಯಾಗಿ ಬರೆದಿಟ್ಟುಕೊಳ್ಳುವ ನೆರಳು ವಹಿಯಲ್ಲಿ 300 ಲೋಟ. ಬಂದಿದ್ದವರೇ 150 ಜನ ಇಲ್ಲ ಸ್ವಾಮಿ ಎಂದೆ. ಆ ವಿಡಿಯೋ ಹಾಕಿ ತಲೆ ಎಣಿಸಿದರು. ನನ್ನ ಸಭೆಗೆ ಬಂದವರು 112 ಜನ ಎಂದು ಸರ್ಕಾರದ ಎದುರೇ ಸಾಬೀತಾಯಿತು.

ಈಗ ಉಳಿದಿರುವ ಕೆಲಸ: ಪಿಂಚಣಿ ಆದೇಶ ಇನ್ನೂ ಬಂದಿಲ್ಲ, ಗ್ರಾಚ್ಯುಟಿಯೂ ಇಲ್ಲ. ನರ್ಸಿಂಗ್ ಕೌನ್ಸಿಲಿನ ನೋಂದಣಿ ನವೀಕರಿಸಬೇಕು. ಊರಿನ ನರ್ಸಿಂಗ್ ಹೋಮಿನವರು ರಾತ್ರಿ ಪಾಳಿಗೆ ಬನ್ನಿ ಎಂದಿದ್ದಾರೆ. ಖರ್ಚಿನ ಲೆಕ್ಕದ ಸ್ವೀಕೃತಿಯನ್ನು ಮೂರು ಜೆರಾಕ್ಸ್ ಮಾಡಿಸಿ ಒಂದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ.

ಅವತ್ತು ಜಿಲ್ಲಾ ಕಚೇರಿಯಿಂದ ಬರುವಾಗ ಬಸ್ಸು ಇಳಿದು ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಒಂದು ಮನವಿ ಕೊಟ್ಟೆ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ನೇಮಕದ ವಿಷಯವನ್ನು ಮೊದಲನೆಯದಾಗಿ ತೆಗೆದುಕೊಳ್ಳಬೇಕು ಎಂದು. ಕೆಳಗೆ "ಈ ಕ್ಷೇತ್ರದ ಮತದಾರಳು" ಎಂದು ಸಹಿ ಹಾಕಿದೆ. ನಮ್ಮ ಹಿರಿಯ ಗುಮಾಸ್ತರೇ ಮುದ್ರೆ ಒತ್ತಿ ಟಪಾಲು ನಂಬರ್ ಬರೆದುಕೊಟ್ಟರು. ಹೊಸ ಶಾಸಕರು ಸಭೆಗೆ ಇನ್ನೂ ದಿನ ಕೊಟ್ಟಿಲ್ಲವಂತೆ.